ಎರಡಡಿ ಕಲ್ಲಿನ ಸಾಲು

ಮಾರ್ಚ್ ೧೪, ಗುರುವಾರ

ಪ್ರೀತಿಯ ಇವಳೇ,

ನಾನು ಚೆನ್ನಾಗಿದ್ದೇನೆ. ನಿನ್ನ ಅಕ್ಕನ ಮಂಡಿನೋವು ಹೇಗಿದೆ? ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ದಿನವಿಡೀ ಉಳಿ ಹಿಡಿದ ಬೆರಳಿಗೆ ಪೆನ್ನು ಬಗ್ಗುವುದಿಲ್ಲ ಎಂದು ಸಬೂಬು ಹೇಳಬಹುದಿತ್ತು. ಆದರೆ ನೀನು ನಂಬುವವಳಲ್ಲ.

ಸ್ಮಶಾನದ ಕೆಲಸ ಮೊನ್ನೆ ಮುಗಿಯಿತು. ನೀನು ಅಕ್ಕನ ಮನೆಗೆ ಹೊರಡುವಾಗ ನಗರಸಭೆಯ ಆದೇಶವಷ್ಟೇ ಬಂದಿತ್ತಲ್ಲ: ಎಲ್ಲ ಸಮಾಧಿಗೂ ಒಂದೇ ಬಗೆಯ ಕಲ್ಲು, ಎರಡಡಿ ಎತ್ತರ, ಹೆಸರು, ವರ್ಷ, ಕ್ರಮಸಂಖ್ಯೆ ಬಿಟ್ಟು ಬೇರೇನೂ ಕೆತ್ತುವಂತಿಲ್ಲ. ಒಂಬೈನೂರ ನಲವತ್ತು ಕಲ್ಲು, ಆರು ಜನ ಕಲ್ಲುಕುಟಿಗರು, ಐದು ತಿಂಗಳು. "ಸತ್ತವರಿಗೂ ಯೂನಿಫಾರಂ ಹೊಲಿಸ್ತಾರಲ್ಲಪ್ಪ" ಎಂದು ಮೊದಮೊದಲು ನಾವೆಲ್ಲ ನಗುತ್ತಿದ್ದೆವು.

ಒಂದು ದಿನ ದೊಡ್ಡ ಜವಳಿ ಅಂಗಡಿಯ ಮಾಲೀಕರ ಮಗ ಬಂದರು. ಅವರ ತಂದೆಯ ಸಮಾಧಿಯ ಮೇಲಿದ್ದ ಆಳೆತ್ತರದ ಅಮೃತಶಿಲೆಯನ್ನು ನಾವು ಇಳಿಸಿ ಪಕ್ಕಕ್ಕಿಟ್ಟಿದ್ದೆವು. "ನಮ್ಮಪ್ಪನ ಕಲ್ಲೂ ಆ ಮೂಟೆ ಹೊರೋನ ಕಲ್ಲೂ ಒಂದೇ ಎತ್ತರ ಅಂದ್ರೆ ಏನ್ರೀ ಅರ್ಥ?" ಎಂದು ಕೂಗಾಡಿದರು. ನಗರಸಭೆಯ ಇಂಜಿನಿಯರ್ ಮೇಡಂ ಟೇಪಿನಿಂದ ಕಣ್ಣನ್ನೂ ಎತ್ತಲಿಲ್ಲ. "ಅರ್ಥ ನಂಗೊತ್ತಿಲ್ಲ ಸ್ವಾಮಿ. ಅಳತೆ ಎರಡಡಿ."

ಮೊನ್ನೆ ಬೆಳಿಗ್ಗೆ ಸಾಲು ನೇರವಿಡಲು ಕಟ್ಟಿದ್ದ ದಾರಗಳನ್ನೆಲ್ಲ ಬಿಚ್ಚಿ, ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದೆವು. ಏನು ಹೇಳಲಿ! ನೇರ ನೋಡಿದರೂ ಸಾಲು, ಓರೆ ನೋಡಿದರೂ ಸಾಲು. ನಾನು ಹೆಜ್ಜೆ ಹಾಕಿದಂತೆ ಆ ಸಾಲುಗಳೂ ತೆರೆಯುತ್ತ ಮುಚ್ಚುತ್ತ ಜೊತೆಗೇ ನಡೆದವು. ಅರ್ಧಕ್ಕರ್ಧ ಕಲ್ಲುಗಳ ಮೇಲೆ ನನ್ನ ಕೈಯಾಡಿದೆ, ಆದರೂ ಮೈ ಜುಮ್ಮೆಂದಿತು. ಬದುಕಿದ್ದಾಗ ಒಂದೇ ಬೆಂಚಿನಲ್ಲಿ ಕೂರಲೊಪ್ಪದ ಜನ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಂತಿತ್ತು. ಜವಳಿ ಮಾಲೀಕರು ಯಾವ ಕಡೆ ಎಂದು ಹುಡುಕಿದೆ, ಸಿಗಲಿಲ್ಲ. ನಮ್ಮ ಆರು ಜನರಲ್ಲಿ ಬಾಯಿ ಮುಚ್ಚದ 'ರೇಡಿಯೋ' ಕೂಡ ಟೋಪಿ ತೆಗೆದ.

ಆಗ ನಮ್ಮ ಬೀದಿಯ ಇಸ್ತ್ರಿ ಅಜ್ಜಿ ಬಂದರು. ಗಂಡನ ತಲೆದೆಸೆಯಲ್ಲಿ ನೆಟ್ಟಿದ್ದ ಒಡಕು ಹೂಜಿಯೇ ಅವರಿಗೆ ಗುರುತು, ಓದು ಬಾರದು. ಹೂಜಿಯನ್ನೂ ತೆಗೆದಿದ್ದೆವು. "ನಮ್ಮೆಜಮಾನ್ರನ್ನ ಎಲ್ಲಿಟ್ರಪ್ಪ?" ಎಂದು ಕೇಳಿದಾಗ ನನ್ನ ಮೈಯ ಸಂಭ್ರಮವೆಲ್ಲ ಇಳಿದುಹೋಯಿತು. ಕೈಹಿಡಿದು ಹದಿನೇಳನೇ ಸಾಲಿಗೆ ಕರೆದೊಯ್ದೆ. ಅಜ್ಜಿ ಕಲ್ಲನ್ನು ಮುಟ್ಟಿದರು, ಆಚೀಚೆಯ ಕಲ್ಲುಗಳನ್ನು ನೋಡಿದರು. "ನಾಳೆ ನಂಗೆ ಗುರುತು ಸಿಗಲ್ಲ. ಸಾಲು ಪೂರ್ತಿ ಒರೆಸಿಬಿಡ್ತೀನಿ, ಅದ್ರಲ್ಲಿ ಅವ್ರ ಕಲ್ಲೂ ಬಂದೇ ಬರುತ್ತೆ" ಎಂದವರೇ, ಮೊದಲ ಕಲ್ಲಿನಿಂದ ಶುರು ಮಾಡಿ ಮೂವತ್ತೆರಡನ್ನೂ ಬಟ್ಟೆಯಿಂದ ಒರೆಸುತ್ತ ಹೋದರು. ಜವಳಿ ಮಾಲೀಕರ ಕಲ್ಲೂ ಅದೇ ಸಾಲಿನಲ್ಲಿದೆ ಎಂದು ಗೊತ್ತಾದದ್ದು ಆಗಲೇ. ಮೇಡಂ ಟೇಪು ಸುತ್ತುವುದನ್ನು ಮರೆತು ನಿಂತಿದ್ದರು.

ಅಕ್ಕನಿಗೆ ನಮಸ್ಕಾರ ತಿಳಿಸು, ಅವರ ಮಕ್ಕಳಿಗೆ ಆಶೀರ್ವಾದ. ನಿನ್ನ ಮೈ ಕಡೆಗೂ ಗಮನವಿರಲಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
'ಏನ್ರೀ'

ಮತ್ತೊಂದು ಮಾತು: ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು. ನಮ್ಮ ಮಗಳ ಹೆಸರು ಕೆತ್ತಿ ಆಯಿತಾ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಕೆತ್ತಲು ಸ್ಮಶಾನದ ರಿಜಿಸ್ಟರಿನಲ್ಲಿ ಹೆಸರೇ ಇಲ್ಲ. ಆರು ವರ್ಷದ ಹಿಂದೆ ಅವಳನ್ನು ಎತ್ತಿಕೊಂಡು ಹೋದಾಗ ಗುಮಾಸ್ತ "ಹೆಸರು?" ಎಂದ. ಅವಳಿದ್ದ ಎರಡು ದಿನವೂ ಆಸ್ಪತ್ರೆಯಲ್ಲಿ ನೀನು ಕರೆದ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಹೇಳಿದರೆ ಅಲ್ಲೇ ಕುಸಿಯುತ್ತೇನೆ ಅನ್ನಿಸಿ "ಇನ್ನೂ ಇಟ್ಟಿಲ್ಲ" ಅಂದುಬಿಟ್ಟೆ. ನಿನಗೆ ಹೇಳುವ ಧೈರ್ಯ ಇವತ್ತಿನವರೆಗೂ ಬರಲಿಲ್ಲ. ಹೆಸರಿಲ್ಲದವರಿಗೆ ಕಲ್ಲಿಲ್ಲ ಎಂದು ನಿಯಮ. ಆದರೆ ಅವಳಿರುವ ಜಾಗ ಖಾಲಿ ಉಳಿದದ್ದನ್ನು ಕಂಡ ಮೇಡಂ, "ಸಾಲು ಕೆಡ್ತಿದೆ, ಒಂದು ಬರೀ ಕಲ್ಲು ನಿಲ್ಸಿ" ಅಂದರು. ಅದನ್ನು ನಾನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮೂರು ದಿನ ಕೂತು ನಯ ಮಾಡಿದೆ. ಮುಂದೆ ಒಂದಕ್ಷರವೂ ಇಲ್ಲ. ಮಣ್ಣೊಳಗೆ ಹೂತುಹೋದ ಭಾಗದಲ್ಲಿ ಅವಳ ಹೆಸರಿದೆ, ನೀನು ಕರೆಯುತ್ತಿದ್ದ ಹಾಗೆಯೇ. ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಬಂದು ಬೈ.