ಅಲ್ದಾನ್ ಹಡಗಿನ ಎಡಗಡೆಯ ಪ್ರೊಪೆಲ್ಲರ್

ಜನವರಿ 26. ಮೈನಸ್ 47

ಮತ್ತೆ ಕೆಟ್ಟ ಕನಸು. ಅಲ್ದಾನ್ ಹಡಗಿನ ಹಿಂಭಾಗದ ಕೆಳಗೆ, ನಮ್ಮ ಮಂಜುಗಡ್ಡೆಯ ಗುಂಡಿಯಲ್ಲಿ, ಹಾರೆ ಹಿಡಿದು ನಿಂತಿದ್ದೇನೆ. ಮೇಲೆ ಊಟದ ಗಂಟೆ. ಕ್ಯಾಬಿನ್ನುಗಳಿಂದ ಜನ ಇಳಿದು ಬರುವ ಸದ್ದು — ಮಕ್ಕಳು, ಹೆಂಗಸರ ಚಪ್ಪಲಿ, ಯಾರದೋ ನಗು. ಕೂಗುತ್ತೇನೆ, ಇಳೀರಿ, ಇದು ಓಡೋ ಹಡಗಲ್ಲ! ಯಾರಿಗೂ ಕೇಳಿಸದು. ಪ್ರೊಪೆಲ್ಲರ್ ತಿರುಗಲು ಶುರುವಾಯಿತು, ನನ್ನ ಮೂಗಿನ ಮುಂದೆಯೇ... ಎದ್ದಾಗ ಬನಿಯನ್ ಒದ್ದೆ.

ಹೆಂಡತಿಗೆ ಹೇಳಿದೆ. "ಗಂಟೆ ಬಾರಿಸಿದ್ದು ನಾನೇ ಇರಬೇಕು. ನೀನು ಯಾವತ್ತು ಊಟಕ್ಕೆ ಟೈಮಿಗೆ ಬಂದಿದ್ದೆ?" ಎಂದಳು ವರ್ವಾರಾ. ಅವಳಿಗೆ ಎಲ್ಲವೂ ತಮಾಷೆ.

ಈ ನೋಟ್‌ಬುಕ್ ತಂದದ್ದು ಮಂಜುಗಡ್ಡೆಯ ಅಳತೆ ಬರೆಯಲು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಂಕಿ ಸಾಕು ಅಂದುಕೊಂಡಿದ್ದೆ. ಅಂಕಿಯ ಪಕ್ಕ ಮಾತು ನುಸುಳುತ್ತಿದೆ. ಯಾರೂ ಓದುವುದಿಲ್ಲವಲ್ಲ.

ಚುಕ್ಕಾಣಿ ಕೆಳಗೆ ಮಂಜುಗಡ್ಡೆ 16 ಸೆಂ.ಮೀ. ಪ್ರೊಪೆಲ್ಲರ್ ಪಕ್ಕ 19.

ಜನವರಿ 30. ಮೈನಸ್ 49

ಒಳ್ಳೆ ಚಳಿ. ನಾಲ್ಕು ಬೆರಳು ಕಡಿದೆವು. ನಿಲ್ಲಿಸಿದೆವು. ಇನ್ನು ತಳದಲ್ಲಿ ಅಷ್ಟೇ ಹೆಪ್ಪುಗಟ್ಟುವವರೆಗೆ ಕಾಯಬೇಕು. ಹಿಮ ಬಿದ್ದರೆ ಗುಡಿಸಬೇಕು, ಇಲ್ಲದಿದ್ದರೆ ಹಿಮವೇ ಕಂಬಳಿಯಾಗಿ ಚಳಿಯನ್ನು ಒಳಗೆ ಬಿಡದು. ಮತ್ತೆ ಬೈರಿಗೆ ಹಾಕಿ ಅಳೆ, ಮತ್ತೆ ಕಡಿ. ಹೀಗೆ ಇಳಿದು ಇಳಿದು ಪ್ರೊಪೆಲ್ಲರ್ ತನಕ ಲೇನಾ ನದಿಯ ನೀರಿನೊಳಗೇ ಒಣ ಗುಂಡಿ. ಅವಸರ ಮಾಡಿದರೆ ಎರಡು ತಿಂಗಳ ಕೆಲಸ ಎರಡು ನಿಮಿಷದಲ್ಲಿ ಮುಳುಗುತ್ತದೆ. ಮೂವತ್ತೊಂದು ಚಳಿಗಾಲ ಈ ಕೆಲಸ ಮಾಡಿದ್ದೇನೆ. ಹೆದರಿಕೆ ಒಂದು ಬೆರಳೂ ಕಡಿಮೆಯಾಗಿಲ್ಲ.

ಜೊತೆಗಾರ ತೆರೆಂತಿ ಕಿವಿ ಹತ್ತಿರ ಬಂದು ಕಿರುಚಿದ, "ನೀರು!" ಹಾರೆ ಬಿಸಾಡಿ ಏಣಿ ಹತ್ತಿಬಿಟ್ಟೆ.

"ಟೀಗೆ ನೀರು ಕುದೀತಿದೆ ಅಂದೆ ಕಣಣ್ಣಾ," ಅಂತ ಹಲ್ಲು ಕಿರಿದ. ಕತ್ತೆ.

ಫೆಬ್ರವರಿ 3

ಮೇಸ್ತ್ರಿ ಫ್ಯೋಕ್ಲಾ ಬಂದು ಮತ್ತೆ ಹೇಳಿ ಹೋದಳು. ವಿತಿಮ್ ಹಡಗಿನ ಎಡ ಪ್ರೊಪೆಲ್ಲರ್ ಸೆಪ್ಟೆಂಬರಿನಲ್ಲಿ ಬಂಡೆಗೆ ತಾಗಿ ಮುರಿಯಿತು. ಹೊಸದು ಸಿಗುವುದಿಲ್ಲ, ಮಾಡಿದ ಕಾರ್ಖಾನೆಯೇ ಈಗ ಇಲ್ಲ. ಹೊಂದುವುದು ಅಲ್ದಾನ್‌ನದು ಒಂದೇ. ಎರಡೂ ಅಕ್ಕತಂಗಿಯರು, ಆಸ್ಟ್ರಿಯಾದಲ್ಲಿ ಒಂದೇ ನಕ್ಷೆಯ ಮೇಲೆ ಐದು ಕಟ್ಟಿದರು, ಎರಡು ನಮ್ಮ ನದಿಗೆ ಬಂದವು. ಅಲ್ದಾನ್ ಓಡಿ ಆರು ವರ್ಷವಾಯಿತು.

"ಏಪ್ರಿಲ್ ಹತ್ತರೊಳಗೆ ಅದು ಮೇಲೆ ಬರ್ಬೇಕು. ಇಲ್ಲಾಂದ್ರೆ ವಿತಿಮ್ ಈ ವರ್ಷ ಓಡಲ್ಲ. ಒಂದು ವರ್ಷ ನಿಂತ ಹಡಗು ಮತ್ತೆ ಓಡಿದ್ದು ನಾನಂತೂ ನೋಡಿಲ್ಲ," ಎಂದಳು.

"ಅಲ್ದಾನ್?"

"ಅಲ್ದಾನ್ ಕತೆ ಮುಗೀತಲ್ಲ ಮಾವಾ. ಪ್ರೊಪೆಲ್ಲರ್ ತೆಗೆದ ಮೇಲೆ ಬೇಸಿಗೇಲಿ ಕತ್ತರಿಸ್ತಾರೆ."

ಗೊತ್ತಿತ್ತು. ಆದರೂ ಒಬ್ಬರ ಬಾಯಿಂದ ಕೇಳಿದ್ದು ಇದೇ ಮೊದಲು.

ಫೆಬ್ರವರಿ 6, ಮಧ್ಯಾಹ್ನ

ದೊಡ್ಡ ಸ್ಪ್ಯಾನರ್ ಹುಡುಕಲು ಅಲ್ದಾನ್ ಮೇಲೆ ಹತ್ತಿದೆ. ಇಂಜಿನ್ ಕೋಣೆಗೆ ಹೋಗಬೇಕಾದವನು ಊಟದ ಹಾಲಿಗೆ ಹೋದೆ. ಕಾಲು ತಾನೇ ಕರೆದುಕೊಂಡು ಹೋಯಿತು.

ಕಿಟಕಿಗಳೆಲ್ಲ ಹಿಮಗಟ್ಟಿ ಬಿಳಿ. ಮರದ ಹಲಗೆಗಳ ಮೇಲೆ ಸಹ ಬೆರಳಷ್ಟು ಹಿಮ. ಮೊದಲ ವರ್ಷ ಇಲ್ಲಿ ವಾರ್ನಿಷ್ ವಾಸನೆ ಎಷ್ಟಿತ್ತೆಂದರೆ ಅಡುಗೆಯವರು ಬೈಯುತ್ತಿದ್ದರು, ಸೂಪಿಗೂ ಅದೇ ರುಚಿ ಬರುತ್ತದೆ ಅಂತ. ನಾನು ಇಂಜಿನ್ ಕೋಣೆಯ ಕೆಲಸಕ್ಕೆ ಸೇರಿದ್ದೆ, ಇಪ್ಪತ್ತೆರಡು ವಯಸ್ಸು. ಬೇಸಿಗೆಯಲ್ಲಿ ರಸ್ತೆಯೇ ಇಲ್ಲದ ಝಿಗಾನ್ಸ್ಕ್‌ನಲ್ಲಿ ಹಡಗು ನಿಂತರೆ ಊರಿಗೆ ಊರೇ ಹತ್ತುತ್ತಿತ್ತು, ಎಲ್ಲಿಗೂ ಹೋಗಲು ಅಲ್ಲ, ಐಸ್‌ಕ್ರೀಮ್ ತಿನ್ನಲು! ಕಾಲಿರುವ ಸ್ಟೀಲ್ ಬಟ್ಟಲಲ್ಲಿ ಕೊಡುತ್ತಿದ್ದರು. ಹಿಮಸಾರಂಗ ಕಾಯುವ ಮುದುಕರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮದುವೆ ಮನೆಯಲ್ಲಿ ಕೂತ ಹಾಗೆ ಕೂತು ತಿನ್ನುತ್ತಿದ್ದರು. ಬಟ್ಟಲು ಎಣಿಸಿ ವಾಪಸು ತೆಗೆದುಕೊಳ್ಳುವುದು ವರ್ವಾರಾಳ ಕೆಲಸ. ಒಬ್ಬ ಅಜ್ಜ ಬಟ್ಟಲು ಕೊಡದೆ, "ನಿನ್ನನ್ನೂ ಸೇರಿಸಿ ಒಯ್ತೀನಿ" ಅಂದಿದ್ದ. ಅವತ್ತು ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ ಅಲ್ಲೇ ಅವಳಿಗೆ ಮದುವೆಯ ಮಾತು ಕೇಳಿಬಿಟ್ಟೆ. ಟ್ರೇ ತುಂಬಾ ಬಟ್ಟಲು ಹಿಡಿದಿದ್ದಳು. "ಮೊದಲು ದಾರಿ ಬಿಡು," ಅಂದಳು.

ಸ್ಪ್ಯಾನರ್ ಮರೆತು ಇಳಿದೆ. ಮತ್ತೆ ಹತ್ತಿದೆ.

ಚುಕ್ಕಾಣಿ 17. ಪ್ರೊಪೆಲ್ಲರ್ 18. ಚುಕ್ಕಾಣಿ ಕಂಬದ ಹಿಂದೆ 15.

ಫೆಬ್ರವರಿ 14

ನಿನ್ನೆ ನೀರು ಬಂತು.

ಬರೆಯಲು ಕೈ ಬರುತ್ತಿಲ್ಲ. ತೆರೆಂತಿ ಟೀ ತರಲು ಹೋಗಿದ್ದ. ಚುಕ್ಕಾಣಿ ಕಂಬದ ಹಿಂದೆ ಕಡಿಯುತ್ತಿದ್ದೆ. ಪ್ರೊಪೆಲ್ಲರಿನ ಎರಡು ರೆಕ್ಕೆ ಆಗಲೇ ಹೊರಗೆ, ಹಿತ್ತಾಳೆ ಬಣ್ಣ, ಒಂದು ಗೀರೂ ಇಲ್ಲ. ಹಾರೆ ಹಾಕಿದೆ. ಯಾರೋ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಆಮೇಲೆ ಬುಗ್ಗೆ. ಕಂಬಳಿ ಚೂರು ತುರುಕಿದೆ, ಹಿಮ ತುರುಕಿದೆ, ಮೇಲೆ ಮೊಣಕಾಲೂರಿ ಕೂತೆ. ನಿಲ್ಲಲಿಲ್ಲ. ತೆರೆಂತಿ ಕಾಲರ್ ಹಿಡಿದು ಎಳೆದ. "ಬಿಡಣ್ಣಾ, ಹೋಯ್ತು, ಬಿಡು! ನೀನೂ ಹೋಗ್ಬೇಕಾ?" ಎರಡು ನಿಮಿಷ ಕೂಡ ಇಲ್ಲ. ಗುಂಡಿ ತುಂಬಿ ಕಪ್ಪಗೆ ನಿಂತಿತು.

ಪ್ಯಾಂಟ್ ಹಲಗೆಯಾಗಿತ್ತು. ವರ್ವಾರಾ ಕತ್ತರಿಯಿಂದ ಕತ್ತರಿಸಿ ತೆಗೆದಳು.

ಫ್ಯೋಕ್ಲಾ ಒಂದೇ ಮಾತು ಕೇಳಿದಳು. "ಅಳೆದಿದ್ದೆಯಾ ಮಾವಾ?"

ಅಳೆದಿದ್ದೆ ಅಂದೆ.

ಫೆಬ್ರವರಿ 17

ನೋಟ್‌ಬುಕ್ ತೆರೆದು ಕೊನೆಯ ಪುಟಗಳ ದಿನದ ಅಳತೆಪಟ್ಟಿ ನೋಡಿದೆ. 13ನೇ ತಾರೀಖಿಗೆ ಅಂಕಿ ಇಲ್ಲ. 12 ಇದೆ. 11 ಇದೆ. 13 ಇಲ್ಲ.

ಮರೆತೆನೇ? ಮೂವತ್ತೊಂದು ವರ್ಷದಲ್ಲಿ ಒಂದು ದಿನ ಮರೆತವನಲ್ಲ. ಮನೆ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವನು ನಾನು. ಹಾಗಾದರೆ... ಬೇಕೆಂದೇ? ಅಲ್ದಾನ್ ಇನ್ನೊಂದು ವರ್ಷ ಇರಲಿ ಅಂತ ಒಳಗೆಲ್ಲೋ ಇತ್ತೇ? ಇತ್ತು. ಸುಳ್ಳು ಬರೆದು ಏನು. ಇತ್ತು. ಆದರೆ ಕೈಗೆ ಅದು ಗೊತ್ತಿತ್ತೇ?

ಫೆಬ್ರವರಿ 18

ಖಾಲಿ ಜಾಗದಲ್ಲಿ ಈಗಲೂ ಬರೆಯಬಹುದು. 14 ಸೆಂ.ಮೀ. ಅಂತ. ಪೆನ್ನು ಅದೇ. ಯಾರಿಗೆ ತಿಳಿಯುತ್ತದೆ.

ವರ್ವಾರಾ ಸಂಜೆ ಹಿಟ್ಟು ಕಲಸುತ್ತಾ ಕೇಳಿದಳು, "ಏನು ಆ ಪುಸ್ತಕಾನ ಗುಮ್ಮನ ಥರ ನೋಡ್ತಿದೀಯಾ?" ಹೇಳಿದೆ. ಎಲ್ಲವನ್ನೂ. ಈ ಸಲ ತಮಾಷೆ ಮಾಡಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡಳು.

"ನನಗೂ ಅದು ಕತ್ತರಿಸೋದು ಬೇಡ," ಎಂದಳು. "ನಿನಗಿಂತ ಹೆಚ್ಚೇ ಬೇಡ. ನೀನು ಇಂಜಿನ್ ಜೊತೆ ಇದ್ದೆ, ನಾನು ಜನರ ಜೊತೆ ಇದ್ದೆ. ಆದ್ರೆ ಈಗ ಅಲ್ಲಿ ಜನ ಎಲ್ಲಿದಾರೆ ಮಾರಾಯಾ? ಜನ ಇರೋದು ವಿತಿಮ್‌ನಲ್ಲಿ. ಅದೂ ನಿಂತ್ರೆ ಝಿಗಾನ್ಸ್ಕ್‌ಗೆ ಯಾರು ಹೋಗ್ತಾರೆ?"

ಆಮೇಲೆ ಹಿಟ್ಟಿಗೆ ವಾಪಸು ಹೋದಳು. ಉಪ್ಪು ಎರಡು ಸಲ ಹಾಕಿದ್ದಳು. ರೊಟ್ಟಿ ತಿನ್ನಲಾಗಲಿಲ್ಲ. ಇಬ್ಬರೂ ತಿಂದೆವು.

ಫೆಬ್ರವರಿ 20

ಫ್ಯೋಕ್ಲಾ ಮುಂದೆ ನೋಟ್‌ಬುಕ್ ಇಟ್ಟೆ. ಖಾಲಿ ಜಾಗ ತೋರಿಸಿದೆ. ಅಳೆದಿರಲಿಲ್ಲ ಅಂದೆ. ಯಾಕೆ ಅಂತ ನನಗೇ ಗೊತ್ತಿಲ್ಲ ಅಂದೆ.

ಖಾಲಿ ಜಾಗದ ಮೇಲೆ ಬೆರಳಾಡಿಸಿ ನೋಡಿದಳು. ಕೆಲಸದಿಂದ ತೆಗೆಯುತ್ತಾಳೆ, ತೆಗೆಯಲಿ, ಅಂದುಕೊಂಡೆ.

"ಸುಳ್ಳು ಹೇಳಿದ್ದಕ್ಕೆ ಒಂದು ವಾರ ನಿನ್ನ ಹತ್ರ ಮಾತಾಡಲ್ಲ," ಎಂದಳು. "ನಾಳೆ ಎಂಟಕ್ಕೆ ಬಾ. ಅದೇ ಗುಂಡಿ. ಮೇಲಿನಿಂದ ಮತ್ತೆ ಶುರು. ನಿನ್ನ ಬಿಟ್ರೆ ಇಷ್ಟು ಹೆದರೋ ಮನುಷ್ಯ ನನಗೆ ಬೇರೆ ಎಲ್ಲಿ ಸಿಗ್ತಾನೆ?"

ಹೊರಗೆ ತೆರೆಂತಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಒಂದು ಸಿಗರೇಟ್ ಕೊಟ್ಟ. ನಾನು ಸೇದುವುದಿಲ್ಲ. ಆದರೂ ತೆಗೆದುಕೊಂಡೆ.

ಮಾರ್ಚ್ 11. ಮೈನಸ್ 33

ದಿನಕ್ಕೆ ಎರಡು ಸಲ ಅಳೆಯುತ್ತೇನೆ. ತೆರೆಂತಿ, "ಡಾಕ್ಟರ್ ಬಂದ್ರು, ಜ್ವರ ನೋಡೋಕೆ," ಅನ್ನುತ್ತಾನೆ. ಅನ್ನಲಿ.

ರೆಕ್ಕೆಯ ತುದಿ ಮತ್ತೆ ಕಂಡಿತು.

ಮಾರ್ಚ್ 24. ಮೈನಸ್ 21

ಚಳಿ ಕೈಬಿಡುತ್ತಿದೆ. ತಳದಲ್ಲಿ ದಿನಕ್ಕೆ ಎರಡು ಬೆರಳೂ ಬೆಳೆಯುವುದಿಲ್ಲ. ಮೊದಲೆಲ್ಲ ಮಾರ್ಚ್ ಬಿಸಿಲು ಅಂದರೆ ಖುಷಿ — ಡೆಕ್ಕಿಗೆ ಬಣ್ಣ ಬಳಿಯುವ ಕಾಲ, ಹೊಸ ಸಮವಸ್ತ್ರ ಹಂಚುವ ಕಾಲ. ವರ್ವಾರಾ ಬಿಳಿ ಏಪ್ರನ್‌ಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ತಾನೇ ನಿಲ್ಲುತ್ತಿತ್ತು. ಈಗ ಬಿಸಿಲು ಕಂಡರೆ ಟಾರ್ಪಾಲಿನ್ ಹೊತ್ತು ಓಡುತ್ತೇನೆ, ಗುಂಡಿ ಮುಚ್ಚಲು.

ಮಾರ್ಚ್ 31

ಪ್ರೊಪೆಲ್ಲರಿನ ನಟ್ ಬಿಚ್ಚಿಕೊಂಡಿತು! ಮೂವರು ನೇತಾಡಿದೆವು ಸ್ಪ್ಯಾನರಿಗೆ. ಗಾಳಿ, ಕೆಮ್ಮು. ಗಂಟಲು ಕಟ್ಟಿದೆ.

ಹಡಗಿನ ತಳಕ್ಕೆ ಅಂಗೈ ಇಟ್ಟೆ. ಕೈಗವಸು ತೆಗೆದು. ಚರ್ಮ ಸ್ವಲ್ಪ ಕಿತ್ತು ಬಂತು. ಕ್ಷಮಿಸು ಅಂತ ಹೇಳಬೇಕೆನಿಸಿತು. ಹೇಳಲಿಲ್ಲ, ತೆರೆಂತಿ ಇದ್ದ. ಅವನೂ ಕೈ ಇಟ್ಟಿದ್ದ, ಆ ಕಡೆ.

ಏಪ್ರಿಲ್ 2, ಬೆಳಿಗ್ಗೆ 10. ಮೈನಸ್ 12

ಜ್ವರ. ದನಿ ಪೂರಾ ಹೋಗಿದೆ. ವರ್ವಾರಾ ನನ್ನ ಬೂಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಇವತ್ತೇ ಸರಪಳಿ ಹಾಕಿ ಪ್ರೊಪೆಲ್ಲರ್ ಎಳೆಯುತ್ತಾರೆ. ನಾನಿಲ್ಲದೆ.

ತೆರೆಂತಿ ಫೋನಿನಲ್ಲಿದ್ದಾನೆ. ನಾನು ಇಲ್ಲಿ ಬರೆಯುವುದು, ಅವಳು ಅವನಿಗೆ ಓದಿ ಹೇಳುವುದು. ವರ್ವಾರಾ, ಇದ್ದದ್ದು ಇದ್ದ ಹಾಗೆ ಓದು, ನಿನ್ನ ಮಾತು ಸೇರಿಸಬೇಡ.

ಎಲ್ಲ ಅಳೆದಾಯಿತು, 17 ಇದೆ, ಮಲಗು ಅಣ್ಣಾ, ಅನ್ನುತ್ತಿದ್ದಾನಂತೆ.

17 ಎಲ್ಲಿ? ಕೇಳು. ಪ್ರೊಪೆಲ್ಲರ್ ಪಕ್ಕವೇ? ಅಲ್ಲಿ ನೆರಳು, ಅಲ್ಲಿ ಇದ್ದೇ ಇರುತ್ತದೆ. ನಿನ್ನೆ ಟಾರ್ಪಾಲಿನ್ ಏಣಿಯ ಕಡೆ ಸರಿದಿತ್ತು, ಎಷ್ಟು ಹೊತ್ತು ಬಿಸಿಲು ಬಿತ್ತೋ ಯಾರೂ ನೋಡಿಲ್ಲ. ಅಲ್ಲಿ ನಾಲ್ಕು ಜನ ನಿಂತು ಎಳೆಯುತ್ತೀರಿ. ಅದು ಇವತ್ತು ಮೇಲೆ ಬರಲೇಬೇಕು ತೆರೆಂತಿ, ಬಂದು ವಿತಿಮ್‌ಗೆ ಸೇರಲೇಬೇಕು. ನಗಬೇಡ. ಸರಪಳಿಗೆ ಕೈ ಹಾಕುವ ಮೊದಲು ಏಣಿಯ ಬುಡದಲ್ಲಿ, ಬಲಗಡೆ, ಇನ್ನೊಂದೇ ಒಂದು ಸಲ ಬೈರಿಗೆ ಹಾಕಿ ನೋಡು. ಎಷ್ಟಿದೆ ಹೇಳು, ನಾನು ಇಲ್ಲಿ ಬರೆದುಕೊಳ್ಳುತ್ತೇನೆ.