ಅಪ್ಪನಿಗೆ ಊರು ತೋರಿಸಿದ್ದು

ಸೊಲ್ನಾ, ಸ್ಟಾಕ್‌ಹೋಮ್
14 ಜೂನ್ 2025

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಿನಗೆ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು ತಮ್ಮ ಸಮಿತ್ ಹೇಳಿದ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಬಿ.ಪಿ. ಮಾತ್ರೆ ತಪ್ಪಿಸಬೇಡ. ಇದು ಕೈಸೇರುವ ಹೊತ್ತಿಗೆ ಅಪ್ಪ ಟೂರು ಮುಗಿಸಿ ಮೈಸೂರಿಗೆ ಬಂದಿರುತ್ತಾರೆ.

ಅವರ ನಿವೃತ್ತರ ಗುಂಪಿಗೆ ಇಲ್ಲಿ ಒಂದು ದಿನ ಬಿಡುವಿದೆ, ಊರು ತೋರಿಸೇ ಎಂದು ನೀನು ಬೇಡಿಕೊಂಡಿದ್ದೆ. ತೋರಿಸಿದೆ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಕೈಯಲ್ಲೊಂದು ಛತ್ರಿ ಹಿಡಿದು ನಿಂತಿದ್ದರು, ಸಣ್ಣಗಾಗಿದ್ದರು. "ಚೆನ್ನಾಗಿದೀಯೇನೇ" ಎಂದರು. "ನೀವು ಚೆನ್ನಾಗಿದೀರಾ" ಎಂದೆ. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು ಇಡೀ ದಿನ ನೀವು ಎಂದೇ ಮಾತಾಡಿದೆ. ಮೊದಲ ಸಲ ಅವರ ಮುಖ ಒಂದು ಕ್ಷಣ ಹಾಗೇ ನಿಂತುಬಿಟ್ಟಿತು. ಆಮೇಲೆ ಒಪ್ಪಿಕೊಂಡರು.

ಹಳೇ ಊರಿನ ಕಲ್ಲುಹಾಸಿನ ಓಣಿಗಳಲ್ಲಿ ಹತ್ತಿಸಿ ಇಳಿಸಿದೆ. ಮಂಡಿ ನೋವೆಂದು ಬಾಯಿಬಿಟ್ಟು ಹೇಳಲಿಲ್ಲ, ಗೋಡೆಗೆ ಕೈ ಕೊಟ್ಟುಕೊಂಡು ಬಂದರು. ನಾನು ನಡಿಗೆ ನಿಧಾನ ಮಾಡಲಿಲ್ಲ. ಅಲ್ಲಿಂದ ದೋಣಿ ಹತ್ತಿ ಆಚೆ ದ್ವೀಪಕ್ಕೆ ಹೋದೆವು. ಮೊದಲ ಯಾನದಲ್ಲೇ ಮುಳುಗಿದ ಒಂದು ಹಡಗನ್ನು ಮುನ್ನೂರು ವರ್ಷಗಳ ಮೇಲೆ ಎತ್ತಿ ಅಲ್ಲಿಟ್ಟಿದ್ದಾರೆ. ಅಪ್ಪ ಬಹಳ ಹೊತ್ತು ನೋಡಿ, "ಇಷ್ಟು ವರ್ಷದ ಮೇಲೂ ಎತ್ತಿದ್ರಲ್ಲೇ" ಎಂದರು. ಯಾವುದರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ತಿಳಿಯದೇ ಇರಲಿಲ್ಲ. "ಎತ್ತಿದ್ರು, ಆದ್ರೆ ಮತ್ತೆ ನೀರಿಗೆ ಬಿಡಲಿಲ್ಲ" ಎಂದೆ.

ಟ್ರಾಮಿನಲ್ಲಿ ವಾಪಸು ಬಂದು ಉದ್ಯಾನದ ಬೆಂಚಿನಲ್ಲಿ ಕೂತಾಗ ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು. ಬೆಳ್ಳಿ ಕಾಲ್ಗೆಜ್ಜೆ. ಹಸುಗೂಸಿನ ಅಳತೆಯದು. ಐದು ವರ್ಷದ ಮಗುವಿನ ಕಾಲು ಎಷ್ಟಿರುತ್ತದೆಂದು ಅವರಿಗೆ ಗೊತ್ತಿಲ್ಲ. "ನಿನ್ ಮನೆಗೆ ಕರ್ಕೊಂಡು ಹೋಗು. ಮಗೂನ ಒಂದ್ಸಲ ನೋಡಿ ಹೊರಡ್ತೀನಿ" ಎಂದರು.

ಅಮ್ಮಾ, ಬೇರೆ ಜಾತಿಯ ಸಂಕೇತನನ್ನು ನಾನು ಮದುವೆಯಾದ ವಾರ, ಮಗಳು ಸತ್ತಳೆಂದು ಕಪಿಲೆಯಲ್ಲಿ ನಿಂತು ನನ್ನ ಹೆಸರಿಗೆ ಎಳ್ಳುನೀರು ಬಿಟ್ಟವರು ಅವರು. ಎಳ್ಳು ತೊಳೆದು ಬಟ್ಟಲಿಗೆ ಹಾಕಿ ಕೊಟ್ಟವಳು ನೀನು. ಅದೂ ನನಗೆ ಗೊತ್ತು.

"ಸತ್ತೋರಿಗೆ ಮನೆ ಎಲ್ಲಿರುತ್ತೆ ಅಪ್ಪಾ? ಮಕ್ಕಳು ಹೇಗಾಗ್ತವೆ?" ಎಂದೆ. ದನಿ ಏರಿಸಲಿಲ್ಲ. ಅವರು ಡಬ್ಬಿ ಮುಚ್ಚಿದರು. ಮುಚ್ಚಳ ಸರಿಯಾಗಿ ಕೂರದೆ ಎರಡು ಸಲ ಒತ್ತಿದರು.

ಹೋಟೆಲು ಇರುವ ಕಿಸ್ತಾಗೆ ಹೋಗುವ ಮೆಟ್ರೊ ಅಲ್ಲೇ ನೆಲದಾಳದಿಂದ ಹೊರಡುತ್ತದೆ. ಜಾರುವ ಮೆಟ್ಟಿಲ ಬಾಯಲ್ಲಿ ನಿಂತು, ಕೊನೆಯ ನಿಲ್ದಾಣ ಅಕಲ್ಲಾ ಎಂದು ಬರೆದ ರೈಲು ಹತ್ತಿ, ಹಸಿದರೆ ನೀವೇ ಏನಾದರೂ ಕೊಂಡುಕೊಳ್ಳಿ ಎಂದೆ. ಜೊತೆಗೆ ಇಳಿಯಲಿಲ್ಲ. ಪಕ್ಕದ ಕಂಬಿ ಬಿಗಿಯಾಗಿ ಹಿಡಿದು ಇಳಿಯುತ್ತಾ ಹೋದರು. ತಿರುಗಿ ನೋಡಲು ಹೋದರೆ ಎಲ್ಲಿ ಬಿದ್ದೇನೋ ಎಂಬ ಭಯಕ್ಕೆ ತಿರುಗಲಿಲ್ಲವೋ, ಬೇಡವೆಂದೇ ತಿರುಗಲಿಲ್ಲವೋ. ನಾನಂತೂ ಅವರ ತಲೆ ಮರೆಯಾಗುವವರೆಗೆ ನಿಂತಿದ್ದೆ. ಮನೆಗೆ ಬಂದ ಮೇಲೆ, ಸಮಾಧಾನವಾಯಿತೇ ಎಂದು ಸಂಕೇತ್ ಕೇಳಿದ. ಆಯಿತು ಎಂದೆ. ರಾತ್ರಿ ಊಟ ಸೇರಲಿಲ್ಲ.

ಸಮಿತನಿಗೆ ನನ್ನ ನೆನಪು ಹೇಳು. ಮಳೆ ಶುರುವಾಗಿರಬೇಕು, ಹೊರಗೆ ಓಡಾಡುವಾಗ ಜೋಪಾನ.

ನಿನ್ನ ಮಗಳು,
ನೀರಜಾ

ತಾ.ಕ.: ಅಂಚೆಪೆಟ್ಟಿಗೆಯ ಎದುರು ನಿಂತು ಇಷ್ಟು ಸೇರಿಸುತ್ತಿದ್ದೇನೆ. ದೋಣಿಯಲ್ಲಿ ಅಪ್ಪನ ಪಕ್ಕ ಒಂದು ಪುಟ್ಟ ಹುಡುಗಿ ಬಂದು ಕೂತಳು. ಹೆಸರು ಕೇಳಿದರು, ಇರಾ ಎಂದಳು. ಮೊಮ್ಮಗಳ ಹೆಸರನ್ನು ನಿನ್ನ ಹತ್ತಿರ ಅವರು ಎಂದೂ ಕೇಳಿರಲಿಲ್ಲವಲ್ಲ. "ಮುದ್ದಾಗಿದೆ, ಯಾರ ಮಗೂನೋ" ಎಂದರು ನನಗೆ. ಸಂಕೇತ್ ದೋಣಿಯ ಹಿಂದುಗಡೆ ನಿಂತಿದ್ದ. ದಡ ಸೇರುವವರೆಗೆ ನನ್ನನ್ನು ಅಮ್ಮಾ ಎನ್ನಬಾರದು, ಇದೊಂದು ಆಟ ಎಂದು ಅವಳಿಗೆ ನಾನೇ ಹೇಳಿಕೊಟ್ಟಿದ್ದೆ. ಚೆನ್ನಾಗಿ ಆಡಿದಳು. ಗಾಳಿ ಕೊರೆಯುತ್ತಿತ್ತು. ನೀನು ಹೆಣೆದ ಕಂದು ಮಫ್ಲರ್ ಅಪ್ಪ ಮನೆಗೆ ಬಂದಾಗ ಅವರ ಕೊರಳಲ್ಲಿ ಇರುವುದಿಲ್ಲ. ಎಲ್ಲಿ ಕಳೆದಿರಿ ಎಂದು ಬೈಯಬೇಡ. ಅದನ್ನು ಯಾರ ಕಿವಿಗೆ ಸುತ್ತಿ ಬಂದಿರೆಂದು ನೀನೇ ಅವರಿಗೆ ಹೇಳು.