ನಾಲ್ಕು ಗಂಟೆಗೆ ಹಲ್ಲುಜ್ಜುವವನು

೭ ಮೇ ೧೯೬೨, ಬೆಳಗಿನ ನಾಲ್ಕೂಕಾಲು

ಎದ್ದೆ. ಉಜ್ಜಿದೆ. ಹಾಕಿಕೊಂಡೆ. ಹೆಂಡತಿ ಉಡಚಮ್ಮ ಇನ್ನೂ ಮಲಗಿದ್ದಾಳೆ.

ಬಚ್ಚಲಲ್ಲಿ ದೀಪ ಹಚ್ಚುವುದಿಲ್ಲ. ಕತ್ತಲಲ್ಲೇ ಮುಂದಿನ ನಾಲ್ಕು ಹಲ್ಲಿನ ಸೆಟ್ಟು ತೆಗೆದು, ಪುಡಿ ಹಾಕಿ ತಿಕ್ಕಿ, ತೊಳೆದು, ಮತ್ತೆ ಒಸಡಿಗೆ ಒತ್ತಿಕೊಳ್ಳುವುದು. ಏಳು ನಿಮಿಷ. ಮದುವೆಯಾಗಿ ಹನ್ನೊಂದು ದಿನ, ಒಂದು ದಿನವೂ ತಪ್ಪಿಲ್ಲ. ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದಕ್ಕೆ ಇಷ್ಟಾದರೂ ಪ್ರಯೋಜನ.

ಲೋಕಿಕೆರೆ ರಸ್ತೆಯಲ್ಲಿ ಸೈಕಲ್ಲಿಂದ ಬಿದ್ದು ಹಲ್ಲು ಹೋದದ್ದು ಮೂರು ವರ್ಷದ ಹಿಂದೆ. ಆಮೇಲೆ ಹೆಣ್ಣಿನ ಕಡೆಯವರೊಬ್ಬರು ಬಂದರು, ನನ್ನ ಬೋಳು ಬಾಯಿ ನೋಡಿದರು, ಚಾ ಕುಡಿದು ಹೋದವರದು ಮತ್ತೆ ಸುದ್ದಿಯೇ ಇಲ್ಲ. ಹಯಾತ್ ಸಾಬ್ ಹತ್ತಿರ ಹಲ್ಲು ಕಟ್ಟಿಸಿದೆ. ಉಡಚಮ್ಮನ ಮನೆಯ ಹರಿಹರದವರಿಗೆ ಮೊದಲೇ ಹೇಳಿಬಿಡೋಣ ಎಂದರೆ ಅಕ್ಕ ದುರುಗವ್ವ ಬೈದಳು. "ಲೇ, ಸುಮ್ಕಿರು. ಮದ್ವಿ ಆದ್ಮ್ಯಾಲೆ ಹೇಳಿದ್ರಾತು."

ಮದುವೆ ಆಗಿದೆ. ಹೇಳಿಲ್ಲ. ಮೋಸ ಮಾಡಿದ ಎಂದು ಉಡಚಮ್ಮ ತವರಿಗೆ ಹೊರಟುಬಿಟ್ಟರೆ? ಅವಳು ನನಗೆ ಬಹಳ ಹಿಡಿಸಿದ್ದಾಳೆ. ಅದಕ್ಕೇ ಭಯ.

೧೦ ಮೇ

ಸಿಕ್ಕಿಬಿದ್ದೆ... ಅರ್ಧ. ಬಚ್ಚಲಿಂದ ಹೊರಗೆ ಬಂದರೆ ಎದುರಿಗೇ ಲಾಟೀನು ಹಿಡಿದು ನಿಂತಿದ್ದಳು.

"ಏನ್ರಿ ಇಷ್ಟೊತ್ನಾಗೆ?"

ಹಲ್ಲುಜ್ಜಿದೆ ಎಂದೆ.

"ದಿನಾ ನಾಕಕ್ಕಾ?"

ತೋಚಿದ್ದು ಹೇಳಿದೆ. ಹೊತ್ತು ಹುಟ್ಟುವ ಮುಂಚೆ ಉಜ್ಜಿದರೆ ಹುಳುಕು ಹತ್ತುವುದಿಲ್ಲವಂತೆ, ಡಾಕ್ಟರ್ ಹೇಳಿದ್ದಾರೆ. ಯಾವ ಡಾಕ್ಟರ್ ಎಂದು ಕೇಳಲಿಲ್ಲ, ಪುಣ್ಯ. ಲಾಟೀನು ನನ್ನ ಮುಖದ ಹತ್ತಿರ ಎತ್ತಿ ನೋಡಿ, "ಹಂಗಾ" ಎಂದು ಒಳಗೆ ಹೋದಳು.

೧೩ ಮೇ, ಭಾನುವಾರ

ಹರಿಹರದಿಂದ ಮಾವ ಮಲ್ಲೇಶಪ್ಪನವರು ಬಂದಿದ್ದರು. ದವಡೆ ಹಲ್ಲು ನೋವಂತೆ, ಕೆನ್ನೆ ಮೇಲಿನ ಕೈ ತೆಗೆಯಲಿಲ್ಲ. ಉಡಚಮ್ಮ ರೊಟ್ಟಿ ಬಡಿಸುತ್ತಾ ನನ್ನ ಡಾಕ್ಟರ ಮಾತು ಹೇಳಿಬಿಟ್ಟಳು. ಮಾವನವರಿಗೆ ಖುಷಿಯೋ ಖುಷಿ.

"ಓದಿದೋರು ಅಂದ್ರೆ ನೀವು ನೋಡ್ರಿ ಅಳಿಯಂದ್ರೆ! ಉಣ್ಣಾಕ ಮುಂಚೆ ಉಜ್ಜಬೇಕೋ, ಉಂಡು ಉಜ್ಜಬೇಕೋ ಅಂತ ನಮ್ಮನ್ಯಾಗೆ ದಿನಾ ಜಗಳ."

ಮುಂದಿನ ಶನಿವಾರ ಹರಿಹರಕ್ಕೆ ಕರೆದಿದ್ದಾರೆ. ಎರಡು ದಿನ. ಅವರ ಮನೆಯ ಬಚ್ಚಲು ಎಲ್ಲಿದೆಯೋ.

೧೯ ಮೇ, ಹರಿಹರ, ಸಂಜೆ

ನನ್ನ ಸುಳ್ಳು ನನಗಿಂತ ಮುಂಚೆ ಬಂದು ಇಲ್ಲಿ ಕೂತಿದೆ. ಮಾವನವರು ನಾಲ್ಕಕ್ಕೆ ಮನೆಯನ್ನೆಲ್ಲ ಎಬ್ಬಿಸಿ, ಕೈಗೊಂದು ಬೇವಿನ ಕಡ್ಡಿ ಕೊಟ್ಟು ಹೊಳೆಗೆ ಹೊರಡಿಸುತ್ತಾರಂತೆ. ಪಕ್ಕದ ಮನೆಯ ತಿಪ್ಪೇರುದ್ರಪ್ಪನವರೂ ಸೇರಿಕೊಂಡಿದ್ದಾರೆ. "ನಾಳೆ ನೀವೇ ಮುಂದೆ ನಡೀಬೇಕ್ರಿ" ಎಂದರು ಮಾವನವರು.

ಮೂರಕ್ಕೇ ಎದ್ದು ಮುಗಿಸೋಣವೆಂದರೆ ಮಾವನವರು ಬಾಗಿಲಿಗೆ ಅಡ್ಡ ಮಲಗುತ್ತಾರೆ. ಒಸಡು ಬೇರೆ ಊದಿದೆ. ಮಲಗುವಾಗ ತೆಗೆದು ನೀರಲ್ಲಿಡಿ ಎಂದು ಹಯಾತ್ ಸಾಬ್ ನೂರು ಸಲ ಹೇಳಿದ್ದರು. ಎಲ್ಲಿಡಲಿ?

೨೦ ಮೇ, ಹರಿಹರ, ಹತ್ತು ಗಂಟೆ

ಆದದ್ದನ್ನೆಲ್ಲ ಬರೆದುಬಿಡುತ್ತೇನೆ.

ಹೊಳೆಯಲ್ಲಿ ಮೊಣಕಾಲುದ್ದ ನೀರು, ದಂಡೆಯ ಮೇಲೆ ಲಾಟೀನು. ಮಾವನವರು, ತಿಪ್ಪೇರುದ್ರಪ್ಪನವರು, ನಾನು. ಆಚೆ ಬಂಡೆಯ ಹತ್ತಿರ ಬಟ್ಟೆ ಗಂಟು ಇಟ್ಟುಕೊಂಡು ಉಡಚಮ್ಮ. ಮಾವನವರು ಕೊಟ್ಟ ಕಡ್ಡಿ ಹೆಬ್ಬೆರಳಿನಷ್ಟು ದಪ್ಪ. "ಚೆನ್ನಾಗಿ ಕಡೀರಿ." ಕಡಿದೆ. ಕಡ್ಡಿ ಎಳೆದರೆ ಜೊತೆಗೆ ಸೆಟ್ಟೂ ಬಂತು. ಪುಳಕ್ — ನೀರಿಗೆ. ಟವೆಲ್ಲು ಬಾಯಿಗೆ ಒತ್ತಿಕೊಂಡೆ.

"ಎಲ್ಲಿ, ತಿಪ್ಪೇರುದ್ರಪ್ಪಂಗೆ ಒಂದು ಸಲ ನಕ್ಕು ತೋರಿಸ್ರಿ! ಹಲ್ಲು ಅಂದ್ರೆ ಹೆಂಗಿರಬೇಕು ಅಂತ!"

"ಉಂ."

"ಯಾಕ್ರಿ, ಕಡ್ಡಿ ಚುಚ್ತಾ?"

"ಉಂ."

ಆಗ ಉಡಚಮ್ಮನ ಧ್ವನಿ. "ಅಪ್ಪಾ, ನೀವು ನಡೀರಿ. ಇವರ ಕೈಲಿ ಬಟ್ಟೆ ಹಿಂಡಿಸ್ಕೊಂಡು ಬರ್ತೀನಿ." ಹೊಸ ಜೋಡಿ ಎಂದು ಇಬ್ಬರೂ ನಗುತ್ತಾ ಮೆಟ್ಟಿಲು ಹತ್ತಿದರು. ಅವರು ಮರೆಯಾಗುವವರೆಗೂ ನಿಂತಿದ್ದಳು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

"ಯಾವ ಕಲ್ಲಿನ ಹತ್ರ ಬಿತ್ರಿ?"

ಟವೆಲ್ಲು ಬಾಯಿಂದ ತೆಗೆಯದೆ ಕಾಲ ಹತ್ತಿರದ ಕಲ್ಲು ತೋರಿಸಿದೆ.

ಬೆಳಕು ಹರಿಯುವವರೆಗೆ ಹುಡುಕಿದೆವು. ಎರಡು ಕಲ್ಲಿನ ಸಂದಿಯಲ್ಲಿ ಅವಳಿಗೇ ಸಿಕ್ಕಿತು. ತೊಳೆದು, ತನ್ನ ಇದ್ದಿಲ ಪುಡಿ ಹಾಕಿ, ಒಳಗೂ ಹೊರಗೂ ಬೆರಳಾಡಿಸಿ ತಿಕ್ಕಿ, ಕೈಗಿಟ್ಟಳು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು, ಅರ್ಧ ಗಾಳಿ.

"ಎರಡನೇ ದಿನಾನೇ. ನಿದ್ದ್ಯಾಗೆ ಅದು ಅರ್ಧ ಹೊರಗೆ ಬಂದಿತ್ತು. ನೀವೇ ಹೇಳ್ತೀರೇನೋ ಅಂತ ಕಾದೆ. ದಿನಾ ನಾಕಕ್ಕೆ ನಂಗೂ ಎಚ್ಚರ ಆಗ್ತಿತ್ರಿ. ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ."

"ಮತ್ತೆ ನಿಮ್ಮ ಅಪ್ಪನಿಗೆ ಆ ಡಾಕ್ಟರ ಸುದ್ದಿ ಯಾಕೆ ಹೇಳಿದೆ?"

"ಸಿಟ್ಟಿಗೆ! ನನ್ನ ಮುಂದೇನೂ ಸುಳ್ಳಾ? ಹಲ್ಲು ಹೋದ್ರೆ ಹೋಗ್ಲಿ. ನನ್ನ ಮ್ಯಾಲೆ ನಿಮಗೆ ಅಷ್ಟೂ ನಂಬಿಕೆ ಇಲ್ಲೇನು ಅಂತ ಹೊಟ್ಟಿ ಉರೀತಿತ್ತು."

ನನಗೆ ಅಳು ಬಂತು. ನೀರಲ್ಲಿ ನಿಂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಹಿಂಡ್ರಿ ಎಂದಳು.

೨೨ ಮೇ, ದಾವಣಗೆರೆ, ಆರೂಮುಕ್ಕಾಲು

ಆರೂವರೆಗೆ ಎದ್ದೆ. ಬಿಸಿಲು ಹಿತ್ತಲಿಗೆ ಬಂದಾಗಿತ್ತು. ಒಸಡಿನ ಊತ ಇಳಿದಿದೆ. ರಾತ್ರಿಯಿಡೀ ಸೆಟ್ಟು ಅವಳ ತಲೆದಿಂಬಿನ ಪಕ್ಕ ಹಿತ್ತಾಳೆ ಲೋಟದಲ್ಲಿತ್ತು. ಮಾವನವರು ಮಾತ್ರ ನಾಲ್ಕಕ್ಕೇ ಏಳುತ್ತಾರಂತೆ. ದವಡೆ ನೋವು ಕಮ್ಮಿಯಾಗಿದೆಯಂತೆ. ಇರಲಿ, ಅಪ್ಪಂಗೆ ನಿಜ ಹೇಳಬ್ಯಾಡ್ರಿ ಅಂತಾಳೆ.

ಇನ್ನೂ ಉಜ್ಜಿಲ್ಲ. ಬೋಳು ಬಾಯಲ್ಲೇ ಕೂತು ಬರೆಯುತ್ತಿದ್ದೇನೆ. ಎದುರಿಗೆ ಉಡಚಮ್ಮ, ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಆ ಲೋಟ. "ಯಾವುದು ಮೊದ್ಲು, ಹೇಳ್ರಿ ಡಾಕ್ಟ್ರೇ" ಅಂತಾಳೆ. ನಗಬಾರದು ಎಂದು ತುಟಿ ಕಚ್ಚಿಕೊಂಡಿದ್ದಾಳೆ, ಆಗುತ್ತಿಲ್ಲ. ನನಗೂ ನಗು... ಬಾಯಿಗೆ ಕೈ ಅಡ್ಡ ಇಡಲು ಹೋದೆ. ಅವಳು ಲೋಟ ಕೆಳಗಿಟ್ಟು, ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.